ಪಾದದ ಅಳತೆ

ಫಾರಂ ಕೇಳುತ್ತದೆ: ಪಾದದ ಉದ್ದ, ಸೆಂಟಿಮೀಟರಿನಲ್ಲಿ.
ಐವತ್ಮೂರು ವರ್ಷ ಈ ಪಾದಗಳ ಮೇಲೆ ನಿಂತಿದ್ದೇನೆ,
ಯಾರೂ ಕೇಳಿರಲಿಲ್ಲ.
ಗಾಂಧಿಬಜಾರಿನ ಚಪ್ಪಲಿ ಅಂಗಡಿಯವನು
ಒಮ್ಮೆ ನೋಡಿ ‘ಆರು’ ಅನ್ನುತ್ತಾನೆ, ಮುಗಿಯಿತು.

ಮುಗಿದ ನವೆಂಬರಿನ ಹಾಳೆ ಹರಿದು, ಮಗುಚಿ ಹಾಸಿ
ಮೇಲೆ ನಿಂತೆ. ಹೈಮಾವತಿ ಮಂಡಿಯೂರಿ
ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಳು.
ಕಾಲುಂಗುರದ ಹತ್ತಿರ ಗೆರೆ ತಡವರಿಸಿತು.
ಇಪ್ಪತ್ತಮೂರೂವರೆ.
‘ಬೂಟಿನೊಳಗೆ ಇದು ಒತ್ತಲ್ವೇನೇ?’
ತೆಗೆಯೋದೋ ಬೇಡವೋ
ಆಮೇಲೆ ನೋಡೋಣ.

ಔಲಿ. ಫೆಬ್ರವರಿ ಎರಡನೇ ವಾರ.
ಮೂರು ವರ್ಷ ಕಟ್ಟಿದ ಚೀಟಿಯ ದುಡ್ಡು.
ದಿಲ್ಲಿಯವರೆಗೆ ವಿಮಾನ, ಆಮೇಲೆ ಬಸ್ಸು, ಆಮೇಲೆ ಜೀಪು,
ಆಮೇಲೆ ತಂತಿಗೆ ಜೋತ ಡಬ್ಬಿ.
ಚಿತ್ರದಲ್ಲಿ ಹೋಟೆಲಿನ ಕಿಟಕಿ, ಕಿಟಕಿ ತುಂಬ ಬೆಟ್ಟ,
ಉಕ್ಕಿದ ಹಾಲು ಅಲ್ಲೇ ನಿಂತುಬಿಟ್ಟ ಹಾಗೆ.

ಹೈಮಾವತಿಗೆ ಹೆಸರಿನಲ್ಲೇ ಹಿಮ.
ಹುಟ್ಟಿದ್ದು ವಾಣಿವಿಲಾಸ ಆಸ್ಪತ್ರೆ. ಕಂಡ ಹಿಮವೆಂದರೆ
ಹಳೇ ಫ್ರಿಜ್ಜಿನ ಮೇಲರೆಯಲ್ಲಿ ಬೆಳೆದು
ಬಟಾಣಿ ಪೊಟ್ಟಣ ನುಂಗಿ ಕೂತದ್ದು,
ದೋಸೆ ಮಗುಚುವ ಕೈಯಿಂದ ಕೆರೆದು ತೆಗೆದದ್ದು.
ನಮ್ಮ ಬಾಯಿಗೆ ಅದಕ್ಕೊಂದು ಬೇರೆ ಮಾತೇ ಇಲ್ಲ ನೋಡಿ,
ಬೆಳಗಿನ ಮಬ್ಬಿಗೂ ಮಂಜು, ಬೆಟ್ಟ ಹೊದ್ದದ್ದಕ್ಕೂ ಮಂಜು.
ಬಾಲ್ಕನಿಯಲ್ಲಿ ನಿಂತು ‘ಮಂಜು, ಮಂಜು’ ಎಂದರೆ
ಎದುರುಮನೆ ಎಲೆಕ್ಟ್ರಿಷಿಯನ್ ತಲೆ ಎತ್ತುತ್ತಾನೆ.

ಜಾರುವುದಕ್ಕೆ ಮಾತ್ರ ಮಾತಿಗೆ ಬರವಿಲ್ಲ.
ಪಾಚಿಯಿದೆ, ಜಾರೀಯೆ.
ಒದ್ದೆಗಾಲಲ್ಲಿ ಓಡಬೇಡ, ಜಾರೀಯೆ.
ಕೊಂಚ ಎತ್ತರವಾದ ಮೇಲೆ ಅದೇ ಮಾತು, ದನಿ ತಗ್ಗಿಸಿ:
ಕಾಲು ಜಾರೀತು, ಹುಷಾರು.
ಪಾರ್ಕಿನ ಜಾರುಬಂಡೆ ಆವತ್ತಿಗೆ ತಮ್ಮನದಾಯಿತು.
ಈಗ ತಲೆಗೆ ಮೂವತ್ತೆಂಟು ಸಾವಿರ ಕೊಟ್ಟು
ಜಾರುವುದು ಹೇಗೆಂದು ಕಲಿಯಲು ಹೊರಟಿದ್ದೇವೆ.

ನಮ್ಮನೆಯವರು ಪೇಪರಿನಿಂದ ಕಣ್ಣೆತ್ತದೆ
‘ಅಷ್ಟಕ್ಕೆ ಬಚ್ಚಲುಮನೆ ಸಾಕಿತ್ತಲ್ಲ’ ಅಂದರು.
ಸುಳ್ಳಲ್ಲ. ಹೋದ ಆಷಾಢದಲ್ಲಿ ಸೋಪಿನ ಮೇಲೆ ಕಾಲಿಟ್ಟು
ಎಡ ಮಣಿಕಟ್ಟು ಮುರಿದುಕೊಂಡವಳು ನಾನೇ.
ಒಳಗೆ ಸ್ಟೀಲಿನ ಪಟ್ಟಿ, ಆರು ಸ್ಕ್ರೂ,
ವಿಮಾನ ನಿಲ್ದಾಣದಲ್ಲಿ ಕೂಗುತ್ತದೋ ಏನೋ.
ಫಿಸಿಯೋ ಹುಡುಗಿ ಕೈ ತಿರುಗಿಸುತ್ತ ಹೇಳಿದಳು:
‘ಬೀಳುವಾಗ ಕೈ ಊರಬೇಡಿ ಆಂಟಿ,
ಪಕ್ಕಕ್ಕೆ ಒರಗಿ, ಮೈ ಸಡಿಲ ಬಿಟ್ಟು ಬೀಳಿ.’
ಬೀಳಬೇಡ ಅನ್ನದೆ
ಹೀಗೆ ಬೀಳು ಅಂದವಳು
ಇಷ್ಟು ವರ್ಷಕ್ಕೆ ಇವಳೊಬ್ಬಳೇ.

ಬೆಳಿಗ್ಗೆ ಐದೂವರೆ. ಹನುಮಂತನಗರದ ಇಳಿಜಾರು ರಸ್ತೆ.
ಹೈಮಾವತಿಯ ಅಳಿಯನ ದಪ್ಪ ಜಾಕೀಟು ನನಗೆ,
ಅವಳಿಗೆ ಎರಡು ಸ್ವೆಟರು, ಇಬ್ಬರಿಗೂ ಧಾರಾಕಾರ ಬೆವರು.
ಕೈಗೊಂದರಂತೆ ಮಾಪಿನ ಕೋಲು.
ಮೊಬೈಲಿನೊಳಗೆ ಯಾರೋ ಹೇಳುತ್ತಿದ್ದಾನೆ:
ಮಂಡಿ ಮಡಚಿ, ಭಾರ ಮುಂದಕ್ಕೆ, ದೃಷ್ಟಿ ದೂರಕ್ಕೆ.
ಹಾಲಿನ ಹುಡುಗ ಗಾಡಿ ನಿಲ್ಲಿಸಿದ.
‘ಅಮ್ಮಾ, ಏನ್ ಕಳ್ಕೊಂಡ್ರಿ? ಹುಡುಕ್ಲಾ?’
‘ಇನ್ನೂ ಏನೂ ಕಳ್ಕೊಂಡಿಲ್ಲಪ್ಪಾ, ನಡಿ ನೀನು’ ಅಂದಳು ಹೈಮಾವತಿ,
ಮಡಚಿದ ಮಂಡಿ ಬಿಚ್ಚದೆ.

ಫಾರಂನಲ್ಲಿ ಉಳಿದದ್ದು ಒಂದೇ ಖಾನೆ: ಹಿಂದಿನ ಅನುಭವ.
‘ಇಲ್ಲ’ ಎಂದು ಬರೆದೆ. ಅಳಿಸಿದೆ.
‘ಬಚ್ಚಲುಮನೆ, ಒಮ್ಮೆ’ ಎಂದು ಬರೆದು ನಕ್ಕು
ಅದನ್ನೂ ಅಳಿಸಿದೆ.

ಸಂಜೆ ಹಾಳೆ ಮಡಚಿಡೋಣವೆಂದು ನೋಡಿದರೆ
ನನ್ನ ಪಾದದ ಪಕ್ಕ ಇನ್ನೊಂದು ಪಾದ.
ದೊಡ್ಡದು. ಒಬ್ಬರೇ ಬಗ್ಗಿ ಎಳೆದದ್ದಕ್ಕೆ
ಹಿಮ್ಮಡಿ ಓರೆಯಾಗಿದೆ, ಕಿರುಬೆರಳು ಬಿಟ್ಟೇಹೋಗಿದೆ.
ಸ್ಕೇಲಿಟ್ಟು ನೋಡಿದೆ, ಇಪ್ಪತ್ತಾರು.
ಅವರು ಹೊರಗೆ ಜಗಲಿಯಲ್ಲಿ
ಬೆಳಗಿನ ಪೇಪರನ್ನೇ ಮತ್ತೆ ಓದುತ್ತಿದ್ದಾರೆ.

ಬುಕ್ ಆಗಿರುವುದು ಇಬ್ಬರ ರೂಮು.
ಹೇಳಬೇಕು.
ಹಾಳೆಯ ಹಿಂದೆ ಏಕಾದಶಿ, ರಾಹುಕಾಲ, ಗ್ಯಾಸ್ ಬಂದ ತಾರೀಕು.
ನಾಳೆ ಹೇಳಿದರಾಯಿತು.