ಹದಿನಾಲ್ಕು ಫಲಿತಾಂಶ

ಲೆರ್ವಿಕ್ ಬಂದರಿನ ಗ್ರಂಥಾಲಯದಲ್ಲಿ
ಡಿಸೆಂಬರ್ ಬಂತೆಂದರೆ ಮೂರಕ್ಕೇ ದೀಪ.
ಓಸ್ಲಾ ಹಾಲ್‌ಕ್ರೋ ಕೈಗವಸು ಬಿಚ್ಚಿ, ಬೆರಳಿಗೆ ಉಸಿರೂದಿ
ಪರದೆಯ ಮುಂದೆ ಕೂರುತ್ತಾಳೆ.
ಯಂತ್ರ ಓದಿದ್ದನ್ನು ಮತ್ತೆ ಓದುವುದು ಅವಳ ಕೆಲಸ.

ದಕ್ಷಿಣದಿಂದ ಬಂದಿದ್ದರು ಒಮ್ಮೆ ಇಬ್ಬರು ಹುಡುಗರು,
ಕ್ಯಾಮೆರಾ, ಕಪ್ಪು ಬಟ್ಟೆ, ಫ್ಲಾಸ್ಕಿನಲ್ಲಿ ಬಿಸಿ ಸೂಪು.
ಆರು ವಾರ ಪುಟ ತಿರುವಿದರು:
ಬಂದರುಕಟ್ಟೆಯ ದಿನಚರಿ, ಹೆರಿಂಗ್ ಪೀಪಾಯಿಯ ಲೆಕ್ಕ,
ಉಪ್ಪಿನ ಸಾಲ, ಮೀನು ಸೀಳುವ ಹೆಂಗಸರ ಕೂಲಿ,
ವಾರಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ ಪತ್ರಿಕೆ.
ಎಲ್ಲ ಬೆಳಕಾಗಿ ಹೋಯಿತು.
ತಿರುಗಿ ಬಂದದ್ದು ಒಂದು ಪಾಸ್‌ವರ್ಡ್,
ಮೊದಲ ವರ್ಷ ಪುಕ್ಕಟೆ, ಆಮೇಲೆ ಚಂದಾ.
ನಮ್ಮಜ್ಜನ ಸಾಲ ನೋಡುವುದಕ್ಕೂ ನಾವೇ ದುಡ್ಡು ಕೊಡಬೇಕೇ
ಎಂದು ಕೌನ್ಸಿಲ್ಲಿನಲ್ಲಿ ಒಬ್ಬ ಮೇಜು ಗುದ್ದಿದ.
ಕೊಟ್ಟರು. ತಪ್ಪು ತಿದ್ದಿಕೊಟ್ಟರೆ ಅರ್ಧ ಮಾಫಿ ಎಂದರು.
ಹಾಗಾಗಿ ಓಸ್ಲಾ.

ಯಂತ್ರಕ್ಕೆ ಕಣ್ಣುಂಟು, ಕಿವಿಯಿಲ್ಲ.
ಮಸಿ ಹರಡಿದಲ್ಲಿ ಊಹಿಸುತ್ತದೆ, ಓದದೆ ಪರೀಕ್ಷೆಗೆ ಕೂತವನ ಹಾಗೆ,
ಚೂರೂ ನಾಚಿಕೆಯಿಲ್ಲದೆ.
ಬಲೆ ಒಣಹಾಕಿದರು ಎಂದಿದ್ದರೆ ಬೀಜ ಒಣಹಾಕಿದರು.
ಹಾಯಿ ಹರಿಯಿತು ಎಂದಿದ್ದರೆ ಮಣ್ಣು ಹರಿಯಿತು.
ನಗುತ್ತಾಳೆ, ತಿದ್ದುತ್ತಾಳೆ, ಚಹಾ ಆರುತ್ತದೆ.

ಅಕ್ಟೋಬರಿನ ಒಂದು ಸಂಚಿಕೆ. ಎರಡನೆಯ ಪುಟ,
ಮಡಿಕೆಯ ಗೆರೆ ಮೇಲೆಯೇ ಬಿದ್ದ ಸುದ್ದಿ.
ಆರು ಹುಟ್ಟಿನ ದೋಣಿ, ಮಂಗಳವಾರದ ಬೆಳಗಿನ ಜಾವ,
ಗಿಬ್ಬಿ ಐಸ್‌ಬಿಸ್ಟರ್, ಹತ್ತೊಂಬತ್ತು ವರ್ಷ,
ದಡದಲ್ಲಿ ನಿಂತವರ ಕಣ್ಣೆದುರೇ
ಮುಕುಟ ಧರಿಸಿದ.

ಅವರ ಭಾಷೆಯಲ್ಲಿ ಮುಳುಗುವುದಕ್ಕೂ ಮುಕುಟಕ್ಕೂ
ಒಂದೇ ಅಕ್ಷರದ ಅಂತರ.
ಆ ಅಕ್ಷರದ ಬೆನ್ನಿಗೆ ನಿಂತ ಕಡ್ಡಿ ಮಾಸಿದರೆ ಸಾಕು,
ನೀರಿನೊಳಗಿದ್ದವನು ಸಿಂಹಾಸನದ ಮೇಲೆ.

ಓಸ್ಲಾ ಚಹಾ ಪಕ್ಕಕ್ಕಿಟ್ಟಳು.
ಹುಡುಕುವ ಜಾಗದಲ್ಲಿ ಮುಕುಟ ಎಂದು ಬರೆದು,
ನಲವತ್ತು ವರ್ಷದ ಪತ್ರಿಕೆಯನ್ನು ಒಟ್ಟಿಗೆ ಕೇಳಿದಳು.
ಹದಿನಾಲ್ಕು ಫಲಿತಾಂಶ.
ಒಬ್ಬಳು ಲಂಡನ್ನಿನ ರಾಣಿ.
ಉಳಿದ ಹದಿಮೂರು ಮಂದಿ ಈ ಕಡೆಯವರು,
ಎಲ್ಲರೂ ಬೆಸ್ತರು.

ಎಲ್ಲೋ ಒಂದು ವಿಶ್ವವಿದ್ಯಾಲಯದಲ್ಲಿ
ಕಡಲು ತಿಂದವರನ್ನು ಎಣಿಸುತ್ತಿರುವ ಯಾರಿಗೋ
ಲೆಕ್ಕದಲ್ಲಿ ಹದಿಮೂರು ಕಮ್ಮಿ.

ಗುರುವಾರಗಳಂದು ರೊಬೀನಾ ಐಸ್‌ಬಿಸ್ಟರ್ ಬರುತ್ತಾಳೆ,
ದಪ್ಪಕ್ಷರದ ಪತ್ತೇದಾರಿ ಕಾದಂಬರಿಗೆ, ಹೀಟರಿನ ಪಕ್ಕದ ಕುರ್ಚಿಗೆ.
ಗಿಬ್ಬಿ ಅವಳ ಅಜ್ಜನ ತಮ್ಮ.
ಓಸ್ಲಾ ಪರದೆಯನ್ನು ಅವಳತ್ತ ತಿರುಗಿಸಿದಳು.
ಪುಟದ ಮೂಲೆಯಲ್ಲಿ, ಕಾಗದ ಒತ್ತಿ ಹಿಡಿದ ಹುಡುಗನ ಹೆಬ್ಬೆರಳು
ಹಾಗೇ ಉಳಿದಿತ್ತು; ಮುದುಕಿ ಮೊದಲು ಅದನ್ನು ನೋಡಿ
ಇದು ಯಾರದು ಎಂದಳು. ಆಮೇಲೆ ಓದಿದಳು. ನಗಲಿಲ್ಲ.

'ಮೈ ಸಿಗಲಿಲ್ಲ ಅವನದು. ಬರೀ ಟೋಪಿ ಬಂತು.
ಅಜ್ಜಿ ಅದನ್ನ ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದಳು.
ಸುಣ್ಣ ಬಳಿಯುವಾಗಲೂ ತೆಗೆಯುತ್ತಿರಲಿಲ್ಲ,
ಸುತ್ತ ಬಳಿಯುತ್ತಿದ್ದರು.'

ಹಾಗೇ ಬಿಡಲೇ, ಎಂದು ಓಸ್ಲಾ ಕೇಳಿದಳು, ಮೆಲ್ಲಗೆ.

'ಬಿಡೋದೇನು? ತಿದ್ದು.
ಹುಡುಕಿಕೊಂಡು ಬಂದವರಿಗೆ ಸಿಗಬೇಡವೇ ಹುಡುಗ?
ತಡಿ, ಕನ್ನಡಕ ಒರೆಸಿಕೊಳ್ತೀನಿ.
ಇನ್ನೊಂದು ಸಲ ಓದಿಬಿಡ್ತೀನಿ.'

ಓದಿದಳು, ತುಟಿಯಲ್ಲೇ, ತುಸು ಹೊತ್ತು.

ಬದಲಾವಣೆಗೆ ಕಾರಣ, ಎಂದು ಕೇಳಿತು ಪೆಟ್ಟಿಗೆ.
ಮಸಿ, ಎಂದು ಒತ್ತಿದಳು ಓಸ್ಲಾ.
ಗಿಬ್ಬಿ ಮತ್ತೆ ನೀರಿಗೆ ಹೋದ.
ಅದರ ಕೆಳಗೆ, ಹಸಿರು ಅಕ್ಷರದಲ್ಲಿ,
ಉಳಿಸಲಾಗಿದೆ, ಎಂದಿತು ಪರದೆ.

ಇಬ್ಬರೂ ಏನೂ ಅನ್ನಲಿಲ್ಲ.
ಹೊರಗೆ ಅಬರ್ಡೀನಿನ ಹಡಗು ಕೂಗಿತು.
ಮುದುಕಿ ಶಾಲು ಹೊದ್ದು, ಕಾದಂಬರಿ ಕಂಕುಳಿಗಿಟ್ಟು
ಬಾಗಿಲವರೆಗೆ ಹೋದವಳು ತಿರುಗಿ ನಿಂತು ಅಂದಳು:
'ಇನ್ನು ಹನ್ನೆರಡಲ್ಲವೇ?
ಹಾಗೇ ಆ ರಾಣಿಯದನ್ನೂ ಒಮ್ಮೆ
ಮೂಲದಲ್ಲಿ ನೋಡಿಬಿಡು.'