ಜೇಬಿನಲ್ಲಿ ಫ್ಯೂಸು

ಇಪ್ಪತ್ತೊಂದು ವರ್ಷದಿಂದ ಈ ಕೊಳದ ನೀರು ತಿರುಗಿಸುತ್ತಿದ್ದೇನೆ,
ನನಗೆ ಈಜು ಬರುವುದಿಲ್ಲ.
ನಗಬೇಡಿ. ಬಳೆಗಾರ ಬಳೆ ತೊಡುತ್ತಾನೆಯೆ?

ನಾಲ್ಕೂವರೆಗೆ ಶ್ರೀರಾಂಪುರ ಇನ್ನೂ ಕಂಬಳಿಯೊಳಗೆ.
ಮೊದಲ ಮೆಟ್ರೊ ಸದ್ದಿಗೆ ಮುಂಚೆ ಪಂಪಿನ ಮನೆಯ ಬೀಗ ತೆಗೆದು
ಸೋಸುವ ಮರಳಿಗೆ ನೀರನ್ನು ಹಿಂದುಮುಂದಾಗಿ ಬಿಡುತ್ತೇನೆ.
ನಿನ್ನೆಯ ಕೂದಲು, ಹರಳೆಣ್ಣೆ, ಸ್ನೋ, ಪೌಡರು,
ಯಾರದೋ ಮೊಣಕೈಯ ಪಟ್ಟಿ,
ಗಾಜಿನ ಕೊಳವೆಯಲ್ಲಿ ಮಬ್ಬಾಗಿ ಹಾಯುತ್ತವೆ.
ತಿಳಿಯಾಗುವ ತನಕ ಕಾಯುತ್ತೇನೆ.
ಆ ಕೊಳೆನೀರೂ ದಂಡವಲ್ಲ: ತೊಟ್ಟಿಯಲ್ಲಿ ನಿಂತು
ಗಸಿ ಇಳಿದ ಮೇಲೆ ಗೋಡೆಯಾಚೆಯ ಹೊಂಗೆಗಳಿಗೆ.
ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಬೀದಿಯಲ್ಲಿ
ಕೊಳ ಕಾಯುವವನು ಕೊಡದ ಲೆಕ್ಕ ಮರೆಯಬಾರದು.

ಆಮೇಲೆ ಎರಡು ಶೀಶೆ, ಐದೈದು ಹನಿ.
ಒಂದು ಬಾದಾಮಿ ಹಾಲಿನ ಹಳದಿಗೆ ತಿರುಗಬೇಕು,
ಇನ್ನೊಂದು ಕನಕಾಂಬರಕ್ಕೆ.
ತಪ್ಪಿದರೆ ಸಂಜೆ ಹುಡುಗರ ಕಣ್ಣೇ ಬಣ್ಣ ಹೇಳುತ್ತದೆ.

"ಏನು ಘಾಟೋ ಮುನಿಹನುಮ! ಕ್ಲೋರಿನ್ನು ಸುರಿದುಬಿಟ್ಟಿದ್ದೀಯ"
ಎಂದು ಮೂಗು ಮುಚ್ಚುವ ಕಂಟ್ರಾಕ್ಟರ್ ರುದ್ರೋಜಿರಾಯರಿಗೆ
ಹೇಗೆ ಹೇಳಲಿ, ಘಾಟು ನನ್ನ ಡ್ರಮ್ಮಿನದಲ್ಲ,
ಮೈ ತೊಳೆಯದೆ ಧುಮುಕಿದವರದು,
ನೀರಲ್ಲೇ ಒಂದಕ್ಕೆ ಮುಗಿಸಿದವರದು.
ತಾವೂ ಇವತ್ತು ಶವರಿನ ಕಡೆ ಹೋದದ್ದನ್ನು ನಾನು ಕಾಣೆ ಸ್ವಾಮಿ.

ಏಪ್ರಿಲ್ ಒಂದು. ಬೇಸಿಗೆ ಶಿಬಿರದ ಉದ್ಘಾಟನೆ.
ಗೇಟಿನ ಹೊರಗೆ ಎಂಬತ್ತು ಮಕ್ಕಳು, ಟವೆಲ್ಲು, ಬಾಳೆಹಣ್ಣು,
ಶಾಮಿಯಾನದಡಿ ತಟ್ಟೆಯಲ್ಲಿ ಕತ್ತರಿ,
ಮೈಕಿನವನ ಹಲೋ ಹಲೋ.
ದಡದಲ್ಲಿ ನಿಂತು, ದಿನವೂ ನೋಡುವ ಹಾಗೆ,
ಆಳದ ಕಡೆಯ ಕಪ್ಪು ಜಾಲರಿ ನೋಡಿದೆ.
ಕಂಡರೆ ಗೇಟು ತೆಗಿ, ಕಾಣದಿದ್ದರೆ ತೆಗೀಬೇಡ:
ನನಗಿಂತ ಮುಂಚಿನವನು ಕಲಿಸಿದ್ದು ಇಷ್ಟೇ.
ಕಂಡಿತು. ಆದರೆ ಒಂದು ಮೂಲೆ ಎದ್ದು
ಬೀಳಲಿರುವ ಹಾಲುಹಲ್ಲಿನಂತೆ ಅಲುಗುತ್ತಿತ್ತು.

"ಒಂದು ಸ್ಕ್ರೂಗೆ ಸಮಾರಂಭ ನಿಲ್ಲಿಸ್ತೀಯೇನೋ?"

ಮೋಟಾರಿನ ಎಳೆತ ತಾವು ಕಂಡಿಲ್ಲ ಸಾರ್.
ಉದ್ದ ಜಡೆಯವಳೊಬ್ಬಳು ತಳ ಮುಟ್ಟಲು ಇಳಿದರೆ
ಬಿಡಿಸಿಕೊಡಲು ಮೇಲಿನ ಯಾವ ಕೈಯೂ ಸಾಲದು.
ಕೂಗುವುದೂ ಇಲ್ಲ ಅವಳು.
ಮುಳುಗುವವರು ಕೂಗುತ್ತಾರೆ ಅನ್ನುವುದು ದಡದವರ ನಂಬಿಕೆ.

ಗಾರ್ಡು ಜಬೀನ್ ತಾಜ್ ಸೀಟಿ ಬಿಚ್ಚಿ ಕಟ್ಟೆಯ ಮೇಲಿಟ್ಟಳು.
ಹಲ್ಲಿನ ನಡುವೆ ಹೊಸ ಸ್ಕ್ರೂ.
"ಅಣ್ಣಾ, ಮೋಟಾರು?" ಕಣ್ಣಲ್ಲೇ ಕೇಳಿದಳು.
ಆರಿಸಿದೆ. ಸಾಲದು,
ಮೈಕಿನವನು ಕರೆಂಟು ಹುಡುಕುತ್ತ ಯಾವ ಸ್ವಿಚ್ಚನ್ನಾದರೂ ಒತ್ತಿಯಾನು.
ಫ್ಯೂಸು ಕಿತ್ತೆ. ಮೂರು ಬಿಳಿ ಪಿಂಗಾಣಿ ತುಂಡು, ಇನ್ನೂ ಬೆಚ್ಚಗೆ,
ಅಂಗಿಯ ಜೇಬಿಗೆ ಇಳಿಸಿ
ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಪಂಪಿನ ಮನೆಯಿಂದ ಕೊಳ ಕಾಣುವುದಿಲ್ಲ.
ಕಟ್ಟಿದವರು ಎಲ್ಲ ಇಟ್ಟರು, ಕಿಟಕಿ ಇಡಲಿಲ್ಲ.
ಒಂಬತ್ತಡಿ ಕೆಳಗೆ ಅವಳು. ಇಲ್ಲಿ ನಾನು
ಅವಳ ಜೊತೆ ಉಸಿರು ಹಿಡಿದು
ಇಪ್ಪತ್ತಾರಕ್ಕೇ ಸೋತೆ. ಅವಳು ನಲವತ್ತರ ಮೇಲೆ.
ಮೇಲೆ ಬಂದಳು, ಮತ್ತೆ ಹೋದಳು. ಮತ್ತೆ.
ಹೊರಗೆ ಯಾರೋ ಬಾಗಿಲು ತಟ್ಟಿದರು. ಹಲೋ ಹಲೋ.
ಎದೆಯ ಮೇಲೆ ಪಿಂಗಾಣಿ ಕಿಣಿಕಿಣಿ.

ಐವತ್ತು ನಿಮಿಷ ತಡವಾಗಿ ರಿಬ್ಬನ್ನು ಕತ್ತರಿಸಿದರು.
ಭಾಷಣದಲ್ಲಿ ಸ್ಕ್ರೂ ಬರಲಿಲ್ಲ, ಬರಬಾರದು ಕೂಡ.
ಜಬೀನ್ ಜಡೆಗಳನ್ನೆಲ್ಲ ಟೋಪಿಯೊಳಗೆ ತುರುಕುತ್ತಿದ್ದಳು,
ಬೈಯುತ್ತ, ಒಬ್ಬೊಬ್ಬರನ್ನೇ.
ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಬರೆದೆ: ಜಾಲರಿ ಭದ್ರ.

ಫ್ಯೂಸು ಮತ್ತೆ ಅದರ ಗೂಡಿಗೆ ಹೋದ ಮೇಲೂ
ಎರಡು ದಿನ, ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ,
ಕೈ ತಾನಾಗಿ ಎದ್ದು
ಖಾಲಿ ಜೇಬು ತಡವುತ್ತಿತ್ತು.