ಆ ಅಂದ್ರ ಆಳಂದ

ಹದಿನಾಲ್ಕು ವರ್ಷ ನಾ ಬಾಗಿಲದಾಗ ನಿಂತು ಕರದೀನಿ.
ಆಳಂದ ಆಳಂದ ಆಳಂದ, ಪಟ್ಟಣ ಕಡಗಂಚಿ ಆಳಂದ.
ಕಲಬುರಗಿ ಸ್ಟ್ಯಾಂಡಿನ ಆ ಕಡಿ ತುದಿಗಿ
ಸೇಂಗಾ ಹುರಿಯೋ ಖಾಸೀಂಸಾಬ ತಲಿ ಎತ್ತತಿದ್ದ.
ಡ್ರೈವರ್ ಗುಂಡೇರಾಯ ಅಂತಿದ್ದ: ಜಗದೇವಿ,
ನೀ ಇರೂತನ ಈ ಬಸ್ಸಿಗಿ ಹಾರ್ನ್ ಯಾತಕ್ಕ?

ಥೈರಾಯ್ಡ್ ಗಡ್ಡಿ ತಗದ್ರು. ಹೊಲಿಗಿ ಏಳು.
ಎಚ್ಚರಾಗಿ ನೀರು ಕೇಳಿದೆ.
ನರ್ಸ್ ತನ್ನ ಕಿವಿ ತಂದು ನನ್ನ ತುಟಿಗಿ ಹಚ್ಚಿದ್ಲು.
ನೀರು ಬಂತು. ಅದೂ ಹಾದಿ ತಪ್ಪಿ
ಕೆಮ್ಮಾಗಿ ಹೊಳ್ಳಿ ಬಂತು.

ಮೂಗಿನಾಗ ಹಾಯಿಸಿದ ಸಣ್ಣ ಕ್ಯಾಮರಾ
ಟಿವಿ ಮ್ಯಾಗ ತೋರಿಸಿತು ನನ್ನ ಕೊಳ್ಳೊಳಗಿನ ಸಂಸಾರ:
ಬೆಳ್ಳನ್ನ ಎರಡು ಪಟ್ಟಿ.
ಬಲದ್ದು ಬರತದ, ಹೋಗತದ.
ಎಡದ್ದು ಗ್ವಾಡಿಗಿ ಆತು ನಿಂತದ, ಕರದ್ರೂ ಓ ಅನ್ನವಲ್ದು.
ಡಾಕ್ಟರ್ ಭಾಳ ಹೇಳಿದ್ರು. ನನಗ ತಿಳದದ್ದು ಇಷ್ಟು:
ಎರಡು ಪಡಕಿನ ಬಾಗಿಲದಾಗ ಒಂದು ಜಾಮ್ ಆಗ್ಯಾದ,
ಬಸ್ಸು ಓಡತದ,
ಗಾಳಿ ಸುಮ್ಮ ಸುಮ್ಮನ ಸೋರತದ.

ಒಂದು ವಿಚಿತ್ರ ನೋಡ್ರಿ.
ನಾ ಪಿಸುಗುಟ್ಟಿದ್ರ ಮಂದೀನೂ ಪಿಸುಗುಟ್ಟತಾರ.
ಕಿರಾಣಿ ಅಂಗಡಿ ರೇವಪ್ಪ, ಕಳವಿನ ಮಾಲು ಮಾರಿದಂಗ,
ಬಗ್ಗಿ, ಸಣ್ಣ ದನೀಲೆ: "ಎಷ್ಟು ಬ್ಯಾಳಿ?"
ಫೋನಿನಾಗ ಅಕ್ಕ: ಹಲೋ, ಹಲೋ, ಯಾರೂ ಇಲ್ಲ ತಗಿ.
ಮಗನಿಗಿ ಊಟಕ್ಕ ಕರೀಲಾಕ ತಾಟು ಬಡದೆ.
ಅವ ಬಂದ. ತಾಟಿನ ಕಡೀನೇ ನೋಡಕೋತ ಉಂಡ.

ಝೀನತ್ ಮೇಡಂ ಇನ್ನೂ ಸಣ್ಣ ಹುಡುಗಿ.
ದವಾಖಾನಿ ಹಿಂದಿನ ಖೋಲಿ, ಸುಣ್ಣ ಉದುರಿದ ಗ್ವಾಡಿ.
"ಎರಡೂ ಕೈಲೆ ಗ್ವಾಡಿ ದಬ್ಬರಿ. ದಬ್ಬಕೋತ ಆ ಅನ್ರಿ."
ಕೆಟ್ಟು ನಿಂತ ಬಸ್ಸು ದಬ್ಬಿದ ಕೈ ಇವು, ದಬ್ಬಿದೆ.
ಗ್ವಾಡಿ ಸರೀಲಿಲ್ಲ. ಒಳಗ ಏನೋ ಜರಾ ಕರ್ ಅಂತು.
"ಹಾಂ! ಅದೇ! ಮತ್ತ!"
ನಳಗಿಯಿಂದ ಗ್ಲಾಸಿನ ನೀರಿನಾಗ ಊದು, ಎಸರು ಕುದ್ದಂಗ.
ಗದ್ದ ಬಗ್ಗಿಸಿ ಗುಟುಕು ನುಂಗು.
ಮಾರಿ ಎಡಕ್ಕ ತಿರುವಿ ಮ್ ಅನ್ನು.
ಎಡಕ್ಕ ಕಿಟಕಿ, ಬೇವಿನ ಗಿಡ,
ಟೊಂಗಿಗಿ ಸಿಕ್ಕ ಒಂದು ಪ್ಲಾಸ್ಟಿಕ್ ಚೀಲ:
ಅದೂ ಗಾಳಿ ತುಂಬಕೊಂಡು, ದನಿ ಇಲ್ಲದ.

ಗಡಿಯಾರ ಹಿಡದು ಎಣಿಸಿದ್ಲು: ಮೂರು ಸೆಕೆಂಡು.
ಮೂರು ಸೆಕೆಂಡಿನಾಗ ಆಳಂದ ಎಲ್ಲೀದು,
ಸ್ಟ್ಯಾಂಡಿನ ಗೇಟೂ ದಾಟೂದಿಲ್ಲ.

"ಎಡದ್ದು ಏಳತದಂತ ನಾ ಮಾತು ಕೊಡಂಗಿಲ್ಲ.
ಬಲದ್ದಕ್ಕ ಜರಾ ದೂರ ನಡೀಲಾಕ ಕಲಸೂನು.
ಅದೇ ಹೋಗಿ ಮುಟ್ಟಲಿ."
ನನಗ ನೆಗೆಣ್ಣಿ ನೆನಪಾದ್ಲು.
ಯಾಕಂತ ಮೇಡಂಗ ಹೇಳಲಿಲ್ಲ.

ಶ್ರಾವಣಕ್ಕ ಏಳು ಸೆಕೆಂಡು. ದಸರಾಕ್ಕ ಒಂಬತ್ತು.
ಡಿಪೋ ಸಾಹೇಬ್ರು ಆಫೀಸಿನಾಗ ಖುರ್ಚಿ ಕೊಡತೀನಂದ್ರು.
ಸೀಟಿ ತಗದು ಊದಿ ತೋರಿಸಿದೆ:
ಇದಕ್ಕ ಕೊಳ್ಳಿನ ಪಟ್ಟಿ ಬೇಕಾಗಿಲ್ಲ ಸರ್,
ಗಾಳಿ ಸಾಕು.

ಮೊದಲ ದಿನ, ಮುಂಜಾನಿ ಆರೂಕಾಲು.
ಬಾಗಿಲ ಸರಳಿಗಿ ಅಂಗೈ ಒತ್ತಿ, ಮಾರಿ ಎಡಕ್ಕ ಮಾಡಿ:
ಆ…ಳಂದ.
ಹಳೀ ಗಿರಣಿ ಪಟ್ಟಾ ಹೊಯ್ದಾಡಿದಂಗ. ನನ್ನದಲ್ಲ.
ಮತ್ತ ಯಾರದೂ ಅಲ್ಲ.
ಖಾಸೀಂಸಾಬ ತಲಿ ಎತ್ತಲಿಲ್ಲ.
ಗುಂಡೇರಾಯ ಕನ್ನಡಿಯಾಗ ನೋಡಿದ, ಹಾರ್ನ್ ಹಾಕಲಿಲ್ಲ, ಕಾದ.

ಮಗ್ಗಲದಾಗೇ ಗಂಟು ಹಿಡದು ನಿಂತ ಮುದುಕಿ ತಿರುಗಿ
ಪೂರಾ ಸ್ಟ್ಯಾಂಡಿಗಿ ಕೇಳೂವಂಗ ಒದರಿದ್ಲು:
"ಆಳಂದಕ್ಕೇನವಾ? ಏನು ದನಿ ಇದು, ನಾಷ್ಟಾ ಮಾಡಿಲ್ಲೇನು?"

ಪಿಸುಗುಟ್ಟಲಿಲ್ಲ ಆಕಿ.
ನಾ ಕೈ ಕೊಟ್ಟು ಮ್ಯಾಲ ಜಗ್ಗಿಕೊಂಡೆ,
ಆಧಾರ್ ತೋರಸು ಯವ್ವಾ, ಅಂದೆ.